ವಿರೋಧ ಇರುವ ಕಡೆ ಸುವಾರ್ತೆ ಹೇಳುವುದು: ಎಲ್ಲಿಯವರೆಗೆ ಹೇಳಬಹುದು, ಎಲ್ಲಿ ನಿಲ್ಲಬೇಕು

ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳುವುದು ತಪ್ಪಾ? ಈ ಪ್ರಶ್ನೆಯನ್ನು ಈಗ ಕ್ರೈಸ್ತ ಸಭೆಯ ಹೊರಗಿನವರೂ ಕೇಳುತ್ತಾರೆ, ಒಳಗಿನವರೂ ಕೇಳುತ್ತಾರೆ. ಹೊರಗಿನವರ ದನಿಯಲ್ಲಿ ಸಿಟ್ಟಿರುತ್ತದೆ, ಒಳಗಿನವರ ದನಿಯಲ್ಲಿ ಅಂಜಿಕೆ. ಕರ್ನಾಟಕದಲ್ಲಿ ಮತಾಂತರದ ಕಾನೂನು ಬಂದ ಮೇಲಂತೂ ಎಷ್ಟೋ ವಿಶ್ವಾಸಿಗಳು ಪಕ್ಕದ ಮನೆಯವರ ಹತ್ತಿರ ಯೇಸುವಿನ ಹೆಸರು ಎತ್ತುವುದಕ್ಕೇ ಹಿಂದೆಮುಂದೆ ನೋಡುತ್ತಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಏನೇ ಗಲಾಟೆ ಆದರೂ ಅದನ್ನು ಹಿಂಸೆಯ ಲೆಕ್ಕಕ್ಕೆ ಬರೆದುಬಿಡುತ್ತಾರೆ, ತಾವು ಆಡಿದ ಮಾತು ಹೇಗಿತ್ತು ಅಂತ ಒಂದು ಸಲವೂ ತಿರುಗಿ ನೋಡುವುದಿಲ್ಲ.

ಎರಡೂ ಸರಿಯಲ್ಲ. ಸುವಾರ್ತೆಗೇ ಬರುವ ವಿರೋಧ ಒಂದಿದೆ, ಅದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾವು ಹೇಳುವ ರೀತಿಗೆ ಬರುವ ವಿರೋಧ ಇನ್ನೊಂದಿದೆ, ಅದನ್ನು ನಾವೇ ತಿದ್ದಿಕೊಳ್ಳಬೇಕು. ಇವೆರಡನ್ನೂ ಬಿಡಿಸಿ ನೋಡದಿದ್ದರೆ, ಧೈರ್ಯ ಬೇಕಾದ ಕಡೆ ಬಾಯಿ ಮುಚ್ಚಿಕೊಳ್ಳುತ್ತೇವೆ, ಬಾಯಿ ಮುಚ್ಚಿಕೊಳ್ಳಬೇಕಾದ ಕಡೆ ಧೈರ್ಯ ತೋರಿಸುತ್ತೇವೆ.

ಇದಕ್ಕೆ ಸತ್ಯವೇದದಲ್ಲೇ, ಅಂದರೆ ಬೈಬಲ್ಲಿನಲ್ಲೇ, ಒಂದು ಒಳ್ಳೆಯ ಪ್ರಸಂಗ ಇದೆ, ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ. ಎಫೆಸ ಅಂದರೆ ಅರ್ತೆಮೀ ದೇವಿಯ ಊರು. ದೇವಿಯ ಗುಡಿ ಅಲ್ಲಿಯ ಹೆಮ್ಮೆ, ಅಲ್ಲಿಯ ವ್ಯಾಪಾರ, ಎಲ್ಲವೂ. ಊರೂರು ತಿರುಗಿ ಸುವಾರ್ತೆ ಹೇಳುತ್ತಿದ್ದ ಅಪೊಸ್ತಲ ಪೌಲ ಅಲ್ಲಿ ಎರಡು ವರ್ಷಕ್ಕೂ ಜಾಸ್ತಿ ಇದ್ದ. ಬೆಳ್ಳಿಯಲ್ಲಿ ಪುಟ್ಟ ಗುಡಿಗಳನ್ನು ಮಾಡಿ ಮಾರುತ್ತಿದ್ದ ದೇಮೇತ್ರಿಯ ಅನ್ನುವವನು ತನ್ನ ಕಸುಬಿನವರನ್ನೆಲ್ಲ ಸೇರಿಸಿ, ಈ ಪೌಲನಿಂದ ನಮ್ಮ ಹೊಟ್ಟೆಪಾಡಿಗೇ ಕುತ್ತು ಬಂತು, ದೇವಿಯ ಹೆಸರೂ ಹಾಳಾಗುತ್ತೆ ಅಂತ ಎಬ್ಬಿಸಿದ. ಊರಿಗೆ ಊರೇ ಬಯಲು ರಂಗಮಂದಿರಕ್ಕೆ ನುಗ್ಗಿತು. ಪೌಲನ ಜೊತೆಗಾರರಿಬ್ಬರನ್ನು ಎಳೆದುಕೊಂಡು ಹೋದರು. ಎರಡು ತಾಸು ಒಂದೇ ಘೋಷಣೆ. ಬಂದವರಲ್ಲಿ ಹೆಚ್ಚಿನವರಿಗೆ ತಾವು ಯಾಕೆ ಬಂದಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ ಅಂತ ಈ ಪುಸ್ತಕ ಬರೆದ ಲೂಕ ಹೇಳುತ್ತಾನೆ.

ಕೊನೆಗೆ ಊರಿನ ಅಧಿಕಾರಿ ಎದ್ದು ನಿಂತು ಜನರನ್ನು ಸಮಾಧಾನ ಮಾಡಿದ. ಅವನು ಕ್ರೈಸ್ತನಲ್ಲ, ದೇವಿಯ ಭಕ್ತರ ಪೈಕಿಯವನೇ. ಅವನು ಹೇಳಿದ್ದು ಏನು ಗೊತ್ತಾ? ಇವರು ಗುಡಿಯಲ್ಲಿ ಕದ್ದವರೂ ಅಲ್ಲ, ನಮ್ಮ ದೇವಿಯನ್ನು ಬೈದವರೂ ಅಲ್ಲ. ಯಾರಿಗಾದರೂ ದೂರಿದ್ದರೆ ನ್ಯಾಯಾಲಯ ತೆರೆದೇ ಇದೆ. 37, 38ನೇ ವಚನ ತೆಗೆದು ಓದಿ. ಕೈಯಿಂದ ಮಾಡಿದ್ದು ದೇವರಲ್ಲ ಅಂತ ಪೌಲ ಕಲಿಸುತ್ತಿದ್ದ ಅನ್ನುವುದು ದೇಮೇತ್ರಿಯನ ಬಾಯಲ್ಲೇ ಬರುತ್ತದೆ. ಅಂದರೆ ಪೌಲ ತನ್ನ ನಂಬಿಕೆಯನ್ನು ಮುಚ್ಚಿಟ್ಟುಕೊಂಡಿರಲಿಲ್ಲ. ಆದರೂ ದೇವಿಯನ್ನು ಬೈದ ಅಂತ ಸಾಕ್ಷಿ ಹೇಳೋಕೆ ಅಲ್ಲಿ ಯಾರೂ ಇರಲಿಲ್ಲ. ಅಷ್ಟೇ ಅಲ್ಲ, ಆ ಪ್ರಾಂತ್ಯದ ಕೆಲವು ದೊಡ್ಡ ಅಧಿಕಾರಿಗಳು ಪೌಲನಿಗೆ ಸ್ನೇಹಿತರಾಗಿದ್ದರು, ಅತ್ತ ಹೋಗಬೇಡ ಮಾರಾಯಾ ಅಂತ ಅವತ್ತು ಹೇಳಿ ಕಳಿಸಿದವರೂ ಅವರೇ. ನಮ್ಮ ಊರಲ್ಲಿ ನಾಳೆ ಗಲಾಟೆ ಆದರೆ ಬೇರೆ ಧರ್ಮದವರೊಬ್ಬರು ಎದ್ದು ನಮ್ಮ ಬಗ್ಗೆ ಈ ಮಾತು ಹೇಳುತ್ತಾರಾ? ನಾನು ಪ್ರತಿ ಸಭೆಗೂ ಕೇಳಬೇಕು ಅಂದುಕೊಳ್ಳುವ ಪ್ರಶ್ನೆ ಇದು.

ಈಗ ಕಾನೂನಿಗೆ ಬರೋಣ. ಇಲ್ಲಿ ಗೊಂದಲ ಬಹಳ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಇವಕ್ಕೆ ಧಕ್ಕೆ ಬರಬಾರದು. ಪ್ರಚಾರದ ಹಕ್ಕು ಸುಮ್ನೆ ಸಿಕ್ಕಿದ್ದಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಇದರ ಮೇಲೆ ಬಿಸಿಬಿಸಿ ಚರ್ಚೆ ನಡೆಯಿತು. ಲೋಕನಾಥ ಮಿಶ್ರ ಇದನ್ನು ತೆಗೆದುಹಾಕಿ ಅಂತ ವಾದ ಮಾಡಿದರು. ಕೆ.ಎಂ. ಮುನ್ಷಿ, ಟಿ.ಟಿ. ಕೃಷ್ಣಮಾಚಾರಿ ಇರಲಿ ಅಂದರು. ತಾವು ಸುಮಾರು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದಾಗಿಯೂ, ತಮ್ಮನ್ನು ಮತಾಂತರ ಮಾಡೋಕೆ ಯಾರೂ ಪ್ರಯತ್ನಿಸಲಿಲ್ಲ ಅಂತಲೂ ಕೃಷ್ಣಮಾಚಾರಿ ಅವತ್ತು ಹೇಳಿದರು. ನೋಡಿ, ಈ ಹಕ್ಕಿನ ಪರವಾಗಿ ಎದ್ದು ಮಾತಾಡಿದ ಇವರಿಬ್ಬರೂ ಹಿಂದೂಗಳು. ಕ್ರೈಸ್ತರು ಇದನ್ನು ಮರೆಯಬಾರದು.

ಆಮೇಲೆ 1977ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಇನ್ನೊಂದು ಗೆರೆ ಎಳೆಯಿತು. ನಿಮ್ಮ ಧರ್ಮದ ತತ್ವಗಳನ್ನು ವಿವರಿಸಿ ಹೇಳುವುದು ನಿಮ್ಮ ಹಕ್ಕು, ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವುದು ನಿಮ್ಮ ಮೂಲಭೂತ ಹಕ್ಕಲ್ಲ. ಈ ತೀರ್ಪನ್ನು ಹಲವರು ಪ್ರಶ್ನೆ ಮಾಡಿದ್ದಾರೆ. ನನ್ನ ಮಟ್ಟಿಗೆ, ಇದರಲ್ಲಿ ಸುವಾರ್ತೆಗೆ ದೊಡ್ಡ ಅಡ್ಡಿ ಕಾಣುವುದಿಲ್ಲ. ಮನಸ್ಸು ತಿರುಗಿಸುವುದು ದೇವರ ಕೆಲಸ, ಹೇಳುವುದಷ್ಟೇ ನಮ್ಮದು ಅಂತ ನಾವೇ ತಾನೇ ಪ್ರತಿ ಭಾನುವಾರ ಕೇಳಿಸಿಕೊಳ್ಳುವುದು?

ಕರ್ನಾಟಕದ ಕಾನೂನು ಇದಕ್ಕಿಂತ ಬಿಗಿ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಮಸೂದೆ ಪಾಸಾಯಿತು, 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪರಿಷತ್ತೂ ಒಪ್ಪಿತು. ಸುಳ್ಳು ಹೇಳಿ, ಬಲವಂತ ಮಾಡಿ, ಅನುಚಿತ ಪ್ರಭಾವ ಬೀರಿ, ಆಮಿಷ ತೋರಿಸಿ, ಮದುವೆಯ ಮಾತು ಕೊಟ್ಟು ಮತಾಂತರ ಮಾಡಿದರೆ 3ರಿಂದ 5 ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಮತಾಂತರ ಆದವರು ಹೆಂಗಸರು, ಅಪ್ರಾಪ್ತರು, ಪರಿಶಿಷ್ಟ ಜಾತಿ ಪಂಗಡದವರಾದರೆ ಶಿಕ್ಷೆ 10 ವರ್ಷದವರೆಗೆ ಹೋಗುತ್ತದೆ. ಹೀಗೆ ಮಾಡಿಲ್ಲ ಅಂತ ಸಾಬೀತು ಮಾಡುವ ಹೊಣೆ ಆರೋಪಿಯ ಮೇಲೆಯೇ ಇದೆ. ಮತಾಂತರ ಆಗಬೇಕು ಅನ್ನುವವರೂ, ಅದನ್ನು ನಡೆಸಿಕೊಡುವವರೂ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆ ವಿವರ ಸರ್ಕಾರಿ ಕಚೇರಿಯ ನೋಟಿಸ್ ಬೋರ್ಡಿಗೆ ಬರುತ್ತದೆ, ಯಾರಾದರೂ ಆಕ್ಷೇಪಣೆ ಹಾಕಬಹುದು. ತನ್ನ ಆತ್ಮದ ವಿಷಯದಲ್ಲಿ ಒಬ್ಬ ಹೆಣ್ಣುಮಗಳು ತೆಗೆದುಕೊಂಡ ತೀರ್ಮಾನ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ತೂಗುತ್ತದೆ ಅಂದರೆ ನನಗೆ ಸಂಕಟವಾಗುತ್ತದೆ. 2023ರ ಜೂನ್‌ನಲ್ಲಿ ಆಗಿನ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಅಷ್ಟಕ್ಕೇ ಕಾನೂನು ಹೋಯಿತು ಅಂದುಕೊಳ್ಳಬೇಡಿ. 2025ರಲ್ಲೂ ಇದರ ಅಡಿಯಲ್ಲಿ ಕೇಸು ದಾಖಲಾಗಿದೆ.

ಆ ಕೇಸು ಹೇಳಲೇಬೇಕಾದದ್ದು. ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಒಂದು ದೇವಸ್ಥಾನದ ಹತ್ತಿರ ಮೂವರು ಮುಸ್ಲಿಮರು ತಮ್ಮ ಧರ್ಮದ ಕರಪತ್ರ ಹಂಚಿದರು ಅಂತ ಎಫ್‌ಐಆರ್ ಆಗಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿತು. ಅವರು ಯಾರನ್ನಾದರೂ ಮತಾಂತರ ಮಾಡಿದರು, ಮಾಡೋಕೆ ಹೊರಟರು ಅನ್ನುವುದಕ್ಕೆ ದೂರಿನಲ್ಲಿ ಆಧಾರ ಇರಲಿಲ್ಲ. ದೂರು ಕೊಟ್ಟವರಿಗೂ ಈ ಕಾಯ್ದೆಯಡಿ ದೂರು ಕೊಡುವ ಅಧಿಕಾರ ಇರಲಿಲ್ಲ, ಯಾಕೆಂದರೆ ಮತಾಂತರ ಆದವರು, ಅವರ ತಂದೆತಾಯಿ, ಒಡಹುಟ್ಟಿದವರು, ನೆಂಟರು, ಒಡನಾಡಿಗಳು, ಜೊತೆಗೆ ಕೆಲಸ ಮಾಡುವವರು ಇಂಥವರಷ್ಟೇ ದೂರು ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಧರ್ಮ ಬೇರೆ ಇರಬಹುದು, ಆದರೆ ಈ ತೀರ್ಪು ನಮಗೂ ಅಷ್ಟೇ ಅನ್ವಯ. ಹೇಳುವುದು ಅಪರಾಧ ಅಲ್ಲ.

ಹಾಗಾದರೆ ಆಮಿಷ ಅಂದರೆ ಏನು? ತಲೆನೋವು ಇರುವುದು ಇಲ್ಲೇ. ದುಡ್ಡು, ಉಡುಗೊರೆ ಅಷ್ಟೇ ಅಲ್ಲ. ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು, ಒಳ್ಳೆಯ ಬದುಕಿನ ಭರವಸೆ, ದೇವರು ಮುನಿಯುತ್ತಾನೆ ಅನ್ನುವ ಮಾತು, ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಕೀಳಾಗಿ ತೋರಿಸುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಬಲೆ ಇಷ್ಟು ಅಗಲವಾಗಿದ್ದರೆ ಹಸಿದವನಿಗೆ ಅನ್ನ ಹಾಕುವುದನ್ನೂ ಅದರಲ್ಲಿ ಹಿಡಿಯಬಹುದು, ಅದಕ್ಕೇ ಕಾಯ್ದೆಗೆ ಇಷ್ಟು ವಿರೋಧ ಬಂದದ್ದು. ಆದರೆ ಈ ಅನುಮಾನ ಕಾಯ್ದೆಯ ಜೊತೆ ಹುಟ್ಟಿದ್ದಲ್ಲ, ಇದಕ್ಕೆ ಮಂಗಳೂರಿನಲ್ಲಿ ಹೆಚ್ಚುಕಡಿಮೆ 180 ವರ್ಷದ ಚರಿತ್ರೆ ಇದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಮೊದಲು ಬರೋಣ ಅಂದರೆ ಈಸ್ಟ್ ಇಂಡಿಯಾ ಕಂಪನಿಯೇ ಬಿಡುತ್ತಿರಲಿಲ್ಲ. ಮಿಶನರಿಗಳು ಬಂದರೆ ಜನ ಕೆರಳುತ್ತಾರೆ, ವ್ಯಾಪಾರ ಕೆಡುತ್ತೆ ಅನ್ನುವುದು ಅದರ ಲೆಕ್ಕ. 1813ರಲ್ಲಿ ಬ್ರಿಟಿಷ್ ಮಿಶನರಿಗಳಿಗೆ, 1833ರಲ್ಲಿ ಬೇರೆ ದೇಶದವರಿಗೆ ಬಾಗಿಲು ತೆರೆಯಿತು. ಬ್ರಿಟಿಷ್ ಆಳ್ವಿಕೆಯೂ ಮಿಶನ್ನೂ ಕೈಕೈ ಹಿಡಿದು ಬಂದವು ಅಂತ ನಂಬಿದವರಿಗೆ ಇದು ಆಶ್ಚರ್ಯ ಅನಿಸಬಹುದು.

1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಬ್ರಾಹ್ಮಣ ಯುವಕ ಮಂಗಳೂರಿನಲ್ಲಿ ದೀಕ್ಷಾಸ್ನಾನ (ಕ್ರೈಸ್ತರಾಗುವಾಗ ನೀರಿನಿಂದ ಮಾಡುವ ಸಂಸ್ಕಾರ) ತೆಗೆದುಕೊಂಡರು. ಊರೇ ಕದಡಿಹೋಯಿತು. ಮನೆತನದವರು ಕಳೆದುಕೊಂಡದ್ದು ಒಬ್ಬ ಮಗನನ್ನು; ಆ ದುಃಖವನ್ನು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೆಂಡತಿ ಅವರ ಜೊತೆ ಬರಲಿಲ್ಲ. ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ಪಟ್ಟ ಪಡೆದು, ತಿರುಗಿ ಬಂದು ಇಲ್ಲೇ ಸೇವೆ ಮಾಡಿದರು. ಅವರಿಗೆ ಯಾರೂ ದುಡ್ಡಿನ ಆಸೆ ತೋರಿಸಿ ಕರೆದುಕೊಂಡು ಹೋಗುವಂತಿರಲಿಲ್ಲ, ಇದ್ದದ್ದನ್ನೇ ಬಿಟ್ಟು ಬಂದವರು ಅವರು.

ಬಡವರ ಕಥೆ ಬೇರೆ. ಜಾತಿ ಬಿಟ್ಟು ಬಂದವರಿಗೆ ಗೇಣಿ ಭೂಮಿ ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ಬಿಲ್ಲವರಲ್ಲಿ ಕ್ರೈಸ್ತರಾದವರು ಕಳ್ಳು ಇಳಿಸುವ ಕಸುಬು ಮುಂದುವರಿಸುವುದನ್ನು ಮಿಶನ್ನೇ ಒಪ್ಪುತ್ತಿರಲಿಲ್ಲ. ಹಾಗಾದರೆ ಅವರು ತಿನ್ನುವುದೇನು? ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು 1851ರ ಮಗ್ಗ, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ಅಂತ ನಾವೆಲ್ಲ ಕರೆಯುವುದರ ಹಿಂದೆ ಹೊಟ್ಟೆಪಾಡು ಕಳೆದುಕೊಂಡವರ ಕಷ್ಟ ಇದೆ. ಮಿಶನ್ನಿನ ಕಡೆಯಿಂದ ನೋಡಿದರೆ ಅದು ಆಸರೆ. ಎದುರು ನಿಂತು ನೋಡಿದವರಿಗೆ, ಅಲ್ಲಿಗೆ ಸೇರಿದರೆ ಕೆಲಸ ಸಿಗುತ್ತೆ ಅನ್ನುವಂತೆ ಕಂಡಿತು. ನಂಬಿಕೆ ಒಂದು ಕೈಯಲ್ಲಿ, ಕೆಲಸ ಇನ್ನೊಂದು ಕೈಯಲ್ಲಿ ಹಿಡಿದು ನಿಂತಾಗ, ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ ಅನ್ನುವುದನ್ನು ನಾವು ಒಪ್ಪಬೇಕು.

ಅದಕ್ಕೇ ಸಹಾಯವನ್ನೂ ಸುವಾರ್ತೆಯನ್ನೂ ಒಂದಕ್ಕೊಂದು ಗಂಟು ಹಾಕಬೇಡಿ ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಕ್ಕಿ ಕೊಡುವುದಾದರೆ ಬೀದಿಯಲ್ಲಿ ಎಲ್ಲರಿಗೂ ಕೊಡಿ, ಸಭೆಗೆ ಬಂದವರಿಗೆ ಜಾಸ್ತಿ ಬೇಡ. ಲೂಕ 17ರಲ್ಲಿ ಯೇಸು ಹತ್ತು ಜನ ಕುಷ್ಠರೋಗಿಗಳನ್ನು ವಾಸಿಮಾಡಿದ. ತಿರುಗಿ ಬಂದದ್ದು ಒಬ್ಬನೇ. ಉಳಿದ ಒಂಬತ್ತು ಜನರ ರೋಗ ಮತ್ತೆ ಬಂತು ಅಂತ ಲೂಕ ಬರೆದಿಲ್ಲ. ರೋಗಿಗಾಗಿ ಪ್ರಾರ್ಥನೆ ಮಾಡಿ, ಕೇಳಿಕೊಂಡರೆ ಖಂಡಿತ ಮಾಡಿ, ಆದರೆ ದೀಕ್ಷಾಸ್ನಾನ ತಗೊಂಡರೆ ವಾಸಿಯಾಗುತ್ತೆ ಅಂತ ಮಾತ್ರ ಹೇಳಬೇಡಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸು ಅಂತ ಹೇಳಲೇಬೇಡಿ. ಅದು ಕಾನೂನಿನ ಕಣ್ಣಲ್ಲೂ ತಪ್ಪು, ದೇವರ ಎದುರೂ ತಪ್ಪು.

ಇನ್ನೊಂದು ವಿಷಯವನ್ನು ತುಂಬ ಜನ ಮುಚ್ಚಿಡುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತರಾದರೆ ಆ ಮೀಸಲಾತಿ ಹೋಗುತ್ತದೆ. ದಲಿತ ಯುವಕನೊಬ್ಬ ಯೇಸುವನ್ನು ಹಿಂಬಾಲಿಸುತ್ತೇನೆ ಅಂತ ಮುಂದೆ ಬಂದರೆ, ಇದನ್ನು ಮೊದಲೇ, ಎದುರು ಕೂರಿಸಿಕೊಂಡು ಹೇಳಬೇಕು: ನಿನ್ನ ಸರ್ಟಿಫಿಕೇಟು, ನಿನ್ನ ಕೆಲಸ, ನಿನ್ನ ಮಕ್ಕಳ ಸೀಟು. ಈ ಆದೇಶ ಅನ್ಯಾಯದ್ದು ಅನ್ನುವುದು ನನ್ನ ಅಭಿಪ್ರಾಯ, ಅದರ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟಿಗೂ ಹೋಗಿವೆ. ಆದರೆ ಅವನಿಗೆ ಬೆಲೆ ಎಷ್ಟು ಅಂತ ಹೇಳದೆ ನೀರಿಗೆ ಇಳಿಸುವುದು ಮೋಸ. ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ ಅಂತ ಹೇಳಿದವನು ಯೇಸುವೇ ಅಲ್ವಾ?

ಬೇರೆಯವರ ದೇವರುಗಳ ಬಗ್ಗೆ ಮಾತಾಡುವುದು ಇನ್ನೂ ಸೂಕ್ಷ್ಮ. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಮತ್ತು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಗಳು ನಡೆದವು. ಹಿಂದೂ ದೇವತೆಗಳನ್ನು ಹೀನಾಯವಾಗಿ ಬರೆದ ಒಂದು ಪುಸ್ತಕ ಹಂಚಿದರು ಅನ್ನುವುದು ಆಗ ಕೇಳಿಬಂದ ಆರೋಪ. ಯಾವ ಪುಸ್ತಕವೂ ಚರ್ಚು ಒಡೆಯೋಕೆ, ಪ್ರಾರ್ಥನೆಯಲ್ಲಿದ್ದವರನ್ನು ಹೊಡೆಯೋಕೆ ಕಾರಣ ಆಗಲಾರದು, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಆದರೆ ಅಂಥ ಬರಹ ನಮಗೆ ಯಾಕೆ ಬೇಕು? ಯೇಸು ಯಾರು ಅಂತ ಹೇಳೋಕೆ ಇನ್ನೊಬ್ಬರ ದೇವರನ್ನು ಬೈಯುವ ಅಗತ್ಯ ಎಲ್ಲಿದೆ? ಬೇಕಂತಲೇ, ದುರುದ್ದೇಶದಿಂದ ಧರ್ಮನಿಂದೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ನಿನಲ್ಲಿ ಅಪರಾಧ ಕೂಡ. ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ತಂದವರು ಅಂತ ಎಲ್ಲರಿಗೂ ಗೊತ್ತು. ಅದೇ ಮೋಗ್ಲಿಂಗ್ ದಾಸರ ಪದಗಳನ್ನೂ ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದರು. ಜನ ಯಾವುದನ್ನು ಹಾಡಿ ಕಣ್ಣೀರು ಹಾಕುತ್ತಾರೆ ಅಂತ ತಿಳಿದುಕೊಳ್ಳುವಷ್ಟು ತಾಳ್ಮೆ ಆ ಜರ್ಮನ್ ಪಾದ್ರಿಗಿತ್ತು. ಕನ್ನಡವೇ ಮಾತೃಭಾಷೆಯಾದ ನಮ್ಮಲ್ಲಿ ಎಷ್ಟು ಜನ ಪಕ್ಕದ ಮನೆಯವರ ಭಕ್ತಿಯ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಪ್ರೀತಿಯಿಂದ ಕೇಳಿದ್ದೇವೆ?

ಬೀದಿಯ ವಿರೋಧಕ್ಕಿಂತ ಕಷ್ಟದ್ದು ಮನೆಯ ವಿರೋಧ. ಅಲ್ಲಿ ಯಾರೂ ಸಿದ್ಧಾಂತ ಚರ್ಚೆ ಮಾಡುವುದಿಲ್ಲ. "ನಾ ಸತ್ರೆ ಕೊಳ್ಳಿ ಇಡೋರ್ಯಾರು?" ಅಂತ ಅಪ್ಪ ಕೇಳುತ್ತಾನೆ. "ನಿನ್ನ ತಂಗಿಗೆ ಇನ್ಯಾರು ಗಂಡು ಕೊಡ್ತಾರೆ?" ಅಂತ ಅಮ್ಮ ಕೇಳುತ್ತಾಳೆ. ಈ ಪ್ರಶ್ನೆಗಳಿಗೆ ವಚನ ಓದಿ ಉತ್ತರ ಕೊಟ್ಟರೆ ಗಾಯಕ್ಕೆ ಉಪ್ಪು ಹಾಕಿದಂತೆ. ಅಪ್ಪನ ಭಯ ದೇವರ ಬಗ್ಗೆ ಅಲ್ಲ, ಮಗ ಕೈತಪ್ಪಿ ಹೋದ ಅನ್ನುವುದರ ಬಗ್ಗೆ. ಅದಕ್ಕೆ ಉತ್ತರ ಅಪ್ಪನ ಔಷಧಿ ತಂದುಕೊಡುವುದರಲ್ಲಿದೆ, ತಂಗಿಯ ಮದುವೆಗೆ ಮೊದಲಿಗಿಂತ ಜಾಸ್ತಿ ದುಡಿಯುವುದರಲ್ಲಿದೆ.

ಹಬ್ಬದ ದಿನದ ಊಟ ತಗೊಳ್ಳಿ. ಹೊಸದಾಗಿ ವಿಶ್ವಾಸಿಯಾದ ಎಷ್ಟೋ ಹುಡುಗರು ತಟ್ಟೆ ಸರಿಸಿ ಎದ್ದು ಹೋಗುತ್ತಾರೆ. ಅಮ್ಮ ಬೆಳಗ್ಗೆಯಿಂದ ಹೊಗೆಯಲ್ಲಿ ನಿಂತು ಮಾಡಿದ ಒಬ್ಬಟ್ಟು ಅದು. ಅವಳಿಗೆ ಕಾಣುವುದು ಮಗನ ಹೊಸ ಭಕ್ತಿ ಅಲ್ಲ, ತನ್ನ ಕೈಯಡುಗೆ ಮಗನಿಗೆ ಮೈಲಿಗೆಯಾಯಿತು ಅನ್ನುವುದು. ವಿಗ್ರಹಕ್ಕೆ ಇಟ್ಟ ಆಹಾರದ ವಿಷಯದಲ್ಲಿ ಪೌಲ ಕೊರಿಂಥದವರಿಗೆ ಉದ್ದಕ್ಕೆ ಬರೆದಿದ್ದಾನೆ, ವಿಶ್ವಾಸಿಗಳು ಅದನ್ನು ಬೇರೆಬೇರೆ ಥರ ಅರ್ಥ ಮಾಡಿಕೊಳ್ಳುತ್ತಾರೆ. ಯಾವ ಅರ್ಥ ಹಿಡಿದರೂ ಹೇಳುವ ರೀತಿ ಒಂದಿದೆ: "ಅಮ್ಮಾ, ಎಡೆ ಇಟ್ಟಿದ್ದು ನಂಗೆ ಬೇಡ ಕಣಮ್ಮ. ಒಲೆ ಮೇಲಿರೋ ಅನ್ನ ಸಾರು ಹಾಕು, ನಿನ್ನ ಪಕ್ಕದಲ್ಲೇ ಕೂತು ಉಣ್ತೀನಿ." ಅಮ್ಮನಿಗೆ ನೋವಾಗುವುದಿಲ್ಲ ಅಂತಲ್ಲ. ಆದರೆ ಮಗ ಎದ್ದು ಹೋಗಲಿಲ್ಲ.

ಎದುರಿಗಿರುವವರು ಬೇಡ ಅಂದರೆ? ನಿಲ್ಲಿಸಿ. ಒಂದು ಊರಲ್ಲಿ ಹಿಂಸೆಪಡಿಸಿದರೆ ಇನ್ನೊಂದು ಊರಿಗೆ ಓಡಿಹೋಗಿ ಅಂತ ಯೇಸುವೇ ಶಿಷ್ಯರಿಗೆ ಹೇಳಿದ್ದಾನೆ, ಪೌಲ ದಮಸ್ಕದಲ್ಲಿ ಬುಟ್ಟಿಯಲ್ಲಿ ಕೂತು ಗೋಡೆ ಇಳಿದು ತಪ್ಪಿಸಿಕೊಂಡಿದ್ದಾನೆ. ಹಾಗೆ ಹಿಂದೆ ಸರಿಯುವುದು ಹೇಡಿತನ ಅಲ್ಲ. ಆದರೆ ಅದೇ ಪೌಲ ಫಿಲಿಪ್ಪಿಯಲ್ಲಿ ಬೇರೆ ಥರ ನಡೆದುಕೊಂಡ. ವಿಚಾರಣೆ ಇಲ್ಲದೆ ಹೊಡೆಸಿ ಜೈಲಿಗೆ ಹಾಕಿದ ಅಧಿಕಾರಿಗಳು ಬೆಳಗ್ಗೆ ಸದ್ದಿಲ್ಲದೆ ಹೊರಟುಹೋಗಿ ಅಂದಾಗ, ನಾವು ರೋಮ್ ಪೌರರು, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅಲ್ಲಿ ಆಗಷ್ಟೇ ಹುಟ್ಟಿದ ಒಂದು ಸಣ್ಣ ಸಭೆ ಇತ್ತು. ಅಪರಾಧಿಗಳ ಗುಂಪು ಅನ್ನುವ ಹೆಸರು ಅದಕ್ಕೆ ಅಂಟಬಾರದು ಅನ್ನುವುದೂ ಅವನ ಮನಸ್ಸಿನಲ್ಲಿತ್ತು ಅಂತ ನನಗನಿಸುತ್ತದೆ.

ನಮಗೂ ಹಾಗೆಯೇ. ಮನೆಯಲ್ಲಿ ಪ್ರಾರ್ಥನೆ ಮಾಡುವುದು ಅಪರಾಧ ಅಲ್ಲ. ಕಾನೂನುಬದ್ಧವಾಗಿ ಸೇರಿರುವ ಪ್ರಾರ್ಥನಾ ಸಭೆಗೆ ನುಗ್ಗಿ ಬೇಕಂತಲೇ ಅಡ್ಡಿಪಡಿಸುವುದು ಅಪರಾಧ, ನ್ಯಾಯ ಸಂಹಿತೆಯ 300ನೇ ಸೆಕ್ಷನ್. ಜನ ಬಂದು ಬಾಗಿಲು ಬಡಿದರೆ ವಾದಕ್ಕೆ ಇಳಿಯಬೇಡಿ, ತಳ್ಳಾಟಕ್ಕಂತೂ ಬೇಡವೇ ಬೇಡ. ಹೆಂಗಸರು ಮಕ್ಕಳನ್ನು ಒಳಗೆ ಕಳಿಸಿ, 112ಕ್ಕೆ ಫೋನ್ ಮಾಡಿ. ಆಮೇಲೆ ಸ್ಟೇಷನ್‌ಗೆ ಇಬ್ಬರು ಮೂವರಾಗಿ ಹೋಗಿ, ಸಾಧ್ಯವಾದರೆ ವಕೀಲರೊಬ್ಬರ ಜೊತೆ. ಎಷ್ಟು ಗಂಟೆಗೆ ಬಂದರು, ಎಷ್ಟು ಜನ, ಏನು ಹೇಳಿದರು, ಏನು ಒಡೆದರು ಅನ್ನುವುದನ್ನಷ್ಟೇ ಬರೆಯಿರಿ, ಗೊತ್ತಿಲ್ಲದ್ದನ್ನು ಸೇರಿಸಬೇಡಿ. ನಡೆದದ್ದನ್ನು ಕಂಡ ನೆರೆಹೊರೆಯವರು ಬೇರೆ ಧರ್ಮದವರಾದರೂ ಸಾಕ್ಷಿ ಹೇಳುತ್ತೀರಾ ಅಂತ ಕೇಳಿ. ರಾಜಿ ಮಾಡಿಕೊಳ್ಳಿ ಅಂತ ಒತ್ತಡ ಬಂದರೆ ಆವತ್ತೇ ಯಾವುದಕ್ಕೂ ಸಹಿ ಹಾಕಬೇಡಿ, ಮನೆಗೆ ಬಂದು ಹಿರಿಯರ ಜೊತೆ ಕೂತು ಮಾತಾಡಿ ತೀರ್ಮಾನಿಸಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರು ಕೊಟ್ಟವರಿಗೆ ಉಚಿತವಾಗಿ ಸಿಗಬೇಕು, ಕೇಳಿ ತೆಗೆದುಕೊಳ್ಳಿ.